ಎತ್ತಿಗೂ ಒಂದ್ ಸೋಮವಾರ ಐತಿ

"ದೊಡ್ಡವ್ವಾ, ಫೋಟೊ ಆತೇನು? ಈಗ ತಿನ್ನಲಾ?"

ಕೇಳಿದವಳು ನನ್ನ ಮಗಳು. ಆರು ವರ್ಷ. ಜಾಗ, ಯಲಬುರ್ಗಾ ತಾಲ್ಲೂಕಿನಲ್ಲಿರೋ ನನ್ನ ಅಕ್ಕನ ಹೊಲ. ದಿನ, 2024ರ ಡಿಸೆಂಬರ್ 30, ಎಳ್ಳಮವಾಸ್ಯೆ. ಜೋಳದ ಬೆಳೆ ನಡುವೆ ಐದು ಕಲ್ಲಿಟ್ಟು ಪೂಜೆ ಆಗಿತ್ತು. ಚರಗ ಚೆಲ್ಲಿ ಬಂದು ಎಲ್ಲರೂ ಕಂಬಳಿ ಮೇಲೆ ಸಾಲಾಗಿ ಕೂತಿದ್ವಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕೆನೆ ಮೊಸರು, ಶೇಂಗಾ ಹೋಳಿಗಿ. ಅಕ್ಕ ಎಲ್ಲರಿಗೂ ಬಡಿಸಿ ಮುಗಿಸಿದರೂ ಮಗಳು ಮಾತ್ರ ಎರಡೂ ಕೈ ತೊಡೆ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಹಸಿವಾಗಿಲ್ಲವೇನೋ ಅಂದ್ಕೊಂಡಾಗ ಬಂದ ಪ್ರಶ್ನೆ ಅದು.

ಅಕ್ಕ ಮೊದಲು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಅವತ್ತು ನನ್ನ ಫೋನ್ ಬ್ಯಾಗಿನಲ್ಲೇ ಇತ್ತು. ನಾನು ಏನೂ ಶೂಟ್ ಮಾಡ್ತಿರಲಿಲ್ಲ. ಆದರೂ ಆ ಕೂಸು ಕಾಯ್ತಿತ್ತು. ಅನ್ನ ಮುಂದೆ ಬಂದರೆ ಮೊದಲು ಕ್ಯಾಮೆರಾ ತಿನ್ನುತ್ತೆ, ಆಮೇಲೆ ನಾವು ತಿನ್ನೋದು ಅಂತ ಅದಕ್ಕೆ ಅಭ್ಯಾಸ ಆಗಿಬಿಟ್ಟಿತ್ತು. ಅದನ್ನ ಕಲಿಸಿದವಳು ನಾನೇ.

ಈ ಸಲದ ಅಂಕಣ ಅದರ ಬಗ್ಗೆ.

ಶುರುವಾಗಿದ್ದು ಪುಂಡಿಪಲ್ಯದಿಂದ

ನನ್ನ ತವರು ಕುಷ್ಟಗಿ, ಗಂಡನ ಮನೆ ಗಂಗಾವತಿ. ಎರಡೂ ಕೊಪ್ಪಳ ಜಿಲ್ಲೆಯೊಳಗೇ ಇದ್ದರೂ ತಾಟು ನೋಡಿದರೆ ಬೇರೆ ಬೇರೆ ಸೀಮೆ ಅನ್ನಿಸುತ್ತೆ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಒಣಭೂಮಿ. ಜೋಳ, ಸಜ್ಜಿ, ಹೆಸರು, ಕಡಲಿ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರು, ಕಣ್ಣು ಹಾಯಿಸಿದಷ್ಟೂ ಭತ್ತ, ಸೋನಾ ಮಸೂರಿ ಅಕ್ಕಿ. ಕಾಲುವೆ ಬಂದಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪ್‌ಗಳು ಸುತ್ತಮುತ್ತ ಇದ್ದಾವೆ. ಮದುವೆಯಾಗಿ ಬಂದ ಹೊಸದರಲ್ಲಿ, ರೊಟ್ಟಿ ಇಲ್ಲದ ಊಟ ಊಟ ಅನ್ನಿಸ್ತಾನೇ ಇರಲಿಲ್ಲ ನನಗೆ. ಪುಣ್ಯಕ್ಕೆ ನಮ್ಮ ಅತ್ತೆ ರೊಟ್ಟಿ ಬಡಿಯೋದರಲ್ಲಿ ಎತ್ತಿದ ಕೈ.

2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಕೂತು ಬೇಜಾರಾಗಿ, ಅತ್ತೆ ಮಾಡೋ ಪುಂಡಿಪಲ್ಯದ ಒಂದು ವಿಡಿಯೊ ಮಾಡಿ ಹಾಕಿದೆ. ಸ್ಟ್ಯಾಂಡ್ ಇಲ್ಲ, ಲೈಟ್ ಇಲ್ಲ. ಹಿಟ್ಟಿನ ಡಬ್ಬಿಗೆ ಫೋನ್ ಒರಗಿಸಿ ಮಾಡಿದ್ದು. ಕ್ಯಾಂಪ್ ಕಡೆಯ ಒಬ್ಬರು "ಇದು ನಮ್ಮ ಗೋಂಗೂರ ಅಲ್ವಾ!" ಅಂತ ಕಾಮೆಂಟ್ ಹಾಕಿದರು. ಹೌದು, ಅದೇ ಸೊಪ್ಪು. ನಾವು ನುಚ್ಚು ಹಾಕಿ ಕುದಿಸ್ತೀವಿ, ಅವರು ಪಚ್ಚಡಿ ಮಾಡ್ತಾರೆ. ಆ ಕಾಮೆಂಟಿನ ಕೆಳಗೆ ಐವತ್ತು ಜನ ಜಗಳ, ಮಾತು, ನಗು. ನನಗೆ ಅದು ತುಂಬಾ ಖುಷಿ ಕೊಡ್ತು. ಅತ್ತೆಗೂ. "ನನ್ನ ಪಲ್ಯ ದುಬೈದಾಗ ನೋಡ್ಯಾರಂತ" ಅಂತ ಓಣಿ ತುಂಬ ಹೇಳಿಕೊಂಡು ಬಂದರು.

ಆ ಖುಷಿ ಸುಳ್ಳಲ್ಲ. ಅದನ್ನ ಇಲ್ಲಿ ಬರೆದಿಡ್ತೀನಿ, ಯಾಕಂದ್ರೆ ಮುಂದೆ ಬರೆಯೋದೆಲ್ಲಾ ಓದಿದ ಮೇಲೆ "ಯಾಕೆ ಬೇಕಿತ್ತು ಇವಳಿಗೆ" ಅಂತ ನಿಮಗೆ ಅನ್ನಿಸಬಹುದು.

ಆಮೇಲೆ ಲಾಕ್‌ಡೌನ್ ಮುಗೀತು. ಕೊಪ್ಪಳದ ಆಫೀಸಿಗೆ ಮತ್ತೆ ಬಸ್ ಹತ್ತಿದೆ. ನಂದು ಲೆಕ್ಕಪತ್ರದ ಕೆಲಸ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಏಳಕ್ಕೆ ವಾಪಸ್. ವಿಡಿಯೊ ಮಾತ್ರ ಬಿಡಲಿಲ್ಲ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಹಣ ಬರಬೇಕಂದ್ರೆ 1,000 ಸಬ್‌ಸ್ಕ್ರೈಬರ್ ಬೇಕು, ಜೊತೆಗೆ 12 ತಿಂಗಳೊಳಗೆ ಜನ 4,000 ತಾಸು ನಮ್ಮ ವಿಡಿಯೊ ನೋಡಿರಬೇಕು. ಆ ಗೆರೆ ದಾಟೋವರೆಗೆ ಒಂದೇ ಗುರಿ. ದಾಟಿದ ಮೇಲೆ ಸುಸ್ತಾರಿಸ್ಕೋತೀನಿ ಅಂದ್ಕೊಂಡಿದ್ದೆ. ದಾಟಿದ ಮೇಲೆ ಓಟ ಇನ್ನೂ ಜೋರಾಯ್ತು. ವಾರಕ್ಕೆ ಒಂದು ಇದ್ದದ್ದು ಎರಡಾಯ್ತು, ಎರಡು ನಾಲ್ಕಾಯ್ತು. ಬಿಟ್ಟರೆ ಜನ ಮರೀತಾರೆ ಅನ್ನೋ ಹೆದರಿಕೆ. ಬಸ್‌ನಲ್ಲಿ ಎಡಿಟಿಂಗ್, ಊಟದ ಬಿಡುವಿನಲ್ಲಿ ಕಾಮೆಂಟಿಗೆ ಉತ್ತರ, ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗಿದ ಮೇಲೆ ಬಾತ್‌ರೂಮ್ ಬಾಗಿಲು ಹಾಕ್ಕೊಂಡು ದನಿ ರೆಕಾರ್ಡಿಂಗ್.

ಮನೇಲಿ ಬಿಸಿ ಊಟ ಮಾಡೋದು ನಿಂತೇ ಹೋಗಿತ್ತು. ಕ್ಯಾಮೆರಾಗೆ ಆವಿ ಕಾಣಬೇಕು. ನಮಗೆ ಸಿಗೋದು ಆವಿ ಹೋದಮೇಲಿನ ಅನ್ನ.

ಹತ್ತೊಂಬತ್ತನೇ ಗೇಟ್ ಮುರಿದ ಮರುದಿನ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನ್ ಕಡಿದು ಕೊಚ್ಚಿಹೋಯ್ತು. ಈ ಸುದ್ದಿ ನಿಮ್ಮಲ್ಲಿ ಬಹಳ ಜನಕ್ಕೆ ಟಿವಿಯಲ್ಲಿ ಬಂದ ಒಂದು ಸುದ್ದಿ. ನಮ್ಮ ಗಂಗಾವತಿ ಕಡೆಯವರಿಗೆ ಹಂಗಲ್ಲ. ಡ್ಯಾಮ್ ತುಂಬಿತ್ತು, ಕಾಲುವೆಗೆ ನೀರು ಬಿಟ್ಟಿದ್ದರು, ಗದ್ದೆಗಳಲ್ಲಿ ನಾಟಿ ನಡೆದಿತ್ತು. ಈಗ ನೀರೆಲ್ಲಾ ನದಿಗೆ ಹೋದರೆ ಭತ್ತದ ಗತಿ ಏನು? ಡ್ಯಾಮಿಗೆ ಒಟ್ಟು 33 ಗೇಟು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಸೋಕೆ ಉಳಿದ ಗೇಟುಗಳನ್ನೂ ತೆರೆದರು.

ಮರುದಿನ ಭಾನುವಾರ. ನನ್ನ ಶೂಟಿಂಗ್ ದಿನ. ಮಾವ ಬೆಳಿಗ್ಗೆಯಿಂದ ಚಹಾ ಕೂಡ ಕುಡಿಯದೆ ಫೋನ್ ಕಿವಿಗಿಟ್ಟುಕೊಂಡು ಅಂಗಳದಲ್ಲಿ ತಿರುಗಾಡ್ತಿದ್ದರು. ಅತ್ತೆ ಮಾತಿಲ್ಲದೆ ಒಲೆ ಮುಂದೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಸೋಮವಾರ ಬೆಳಿಗ್ಗೆ 'ಬಿಳಿಜೋಳದ ರೊಟ್ಟಿ ಉಬ್ಬೋ ಗುಟ್ಟು' ವಿಡಿಯೊ ಹೋಗಬೇಕು.

ಮೊದಲನೇ ರೊಟ್ಟಿ ಉಬ್ಬಿತು, ಫೋಕಸ್ ಸರಿ ಇರಲಿಲ್ಲ. ಎರಡನೇದು ಅಂಚಿನಲ್ಲಿ ಸೀಳಿತು. ಮೂರನೇದಕ್ಕೆ ಮಾವ ಹಿಂದೆ ಜೋರಾಗಿ ಮಾತಾಡಿದ್ದು ರೆಕಾರ್ಡ್ ಆಯ್ತು.

"ಅತ್ತೀ, ಇನ್ನೊಂದ್ ಸಲ ಬಡೀರಿ."

ಅವರು ಬಡಿದರು. ಏನೂ ಅನ್ನಲಿಲ್ಲ. ನಾಲ್ಕನೇ ರೊಟ್ಟಿ ಪೂರ್ಣಚಂದ್ರನಂಗೆ ಉಬ್ಬಿತು. ನಾನು "ಸೂಪರ್!" ಅಂದೆ. ಅವರು ಕೈ ತೊಳೆದು ಎದ್ದು ಹೋದರು. ರಾತ್ರಿ ನೋಡ್ತೀನಿ, ಬಲಗೈ ಮಣಿಕಟ್ಟಿಗೆ ಬಾಮ್ ಹಚ್ಚಿ ಹಳೇ ಸೀರೆ ಅಂಚು ಸುತ್ತಿಕೊಂಡು ಮಲಗಿದ್ದರು. ಎಷ್ಟು ದಿನದಿಂದ ನೋವಿತ್ತೋ. ನಾನು ಕೇಳಿಯೂ ಇರಲಿಲ್ಲ, ಅವರು ಹೇಳಿಯೂ ಇರಲಿಲ್ಲ.

ಒಂದು ವಾರದೊಳಗೆ ಆ ಗೇಟಿನ ಜಾಗಕ್ಕೆ ತಾತ್ಕಾಲಿಕ ಸ್ಟಾಪ್‌ಲಾಗ್ ಕೂರಿಸಿದರು, ನೀರು ನಿಂತಿತು, ಮಾವ ಊಟ ಮಾಡಿದರು. ನನ್ನ ರೊಟ್ಟಿ ವಿಡಿಯೊ ಆವರೆಗಿನ ಎಲ್ಲಾ ವಿಡಿಯೊಗಳಿಗಿಂತ ಹೆಚ್ಚು ಓಡಿತು. "ಅಜ್ಜಿ ಕೈಯಾಗಿನ ಪ್ರೀತಿ ಕಾಣ್ತೈತಿ" ಅಂತ ಒಬ್ಬರು ಬರೆದಿದ್ದರು. ಅದಕ್ಕೆ ಹಾರ್ಟ್ ಒತ್ತೋಕೆ ನನ್ನ ಬೆರಳು ಏಳಲಿಲ್ಲ.

ಆದರೂ ನಿಲ್ಲಿಸಲಿಲ್ಲ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಹಂಗೇ ಕಳೆದವು. ಮಜಾ ಏನಂದ್ರೆ, ಈ ಹೊತ್ತಿಗೆ ನನಗೆ ಅಡುಗೆ ಅಂದರೇ ಆಗ್ತಿರಲಿಲ್ಲ. ಬದನೆಕಾಯಿ ನೋಡಿದರೆ ಸಿಟ್ಟು ಬರೋದು. ಯಾರಾದರೂ "ಉಪ್ಪು ಎಷ್ಟು ಹಾಕಿದ್ರಿ ಮೇಡಂ" ಅಂತ ಕೇಳಿದರೆ, ವಿಡಿಯೊದಲ್ಲೇ ಹೇಳೀನಲ್ಲ ಅಂತ ಹಲ್ಲು ಕಡಿಯೋದು. ಆಫೀಸಿನಲ್ಲಿ ಒಂದೇ ಬಿಲ್ಲನ್ನ ಎರಡು ಸಲ ಎಂಟ್ರಿ ಮಾಡಿ ಬೈಸಿಕೊಂಡೆ. ಕುಷ್ಟಗಿಯಿಂದ ಅವ್ವ ಫೋನ್ ಮಾಡಿದಾಗ "ಆಮ್ಯಾಲೆ ಮಾಡ್ತೀನಿ" ಅಂತ ಇಡ್ತಿದ್ದೆ, ಮಾಡ್ತಿರಲಿಲ್ಲ. ಒಂದು ದಿನ ಅವ್ವ ಅಂದಳು, "ದಿನಾ ನಿನ್ನ ವಿಡಿಯೊ ನೋಡ್ತೀನವಾ. ಬರೇ ನಿನ್ನ ಕೈ ಕಾಣ್ತಾವು. ಮಾರಿ ನೋಡಿ ಐದು ತಿಂಗಳಾತು."

ಇದಕ್ಕೊಂದು ಹೆಸರಿದೆ

ನಾನು ಇದನ್ನ ಸೋಮಾರಿತನ ಅಂದ್ಕೊಂಡಿದ್ದೆ. ಇನ್ನೂ ಜಾಸ್ತಿ ದುಡಿದರೆ ಸರಿಹೋಗುತ್ತೆ ಅಂತ. ಆದರೆ ಇದಕ್ಕೊಂದು ಹೆಸರಿದೆ, ಬರ್ನ್‌ಔಟ್. 1974ರಲ್ಲೇ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅನ್ನೋ ಮನಶ್ಶಾಸ್ತ್ರಜ್ಞ ಇದರ ಬಗ್ಗೆ ಬರೆದಿದ್ದರು. ತಾನೂ ದುಡಿದು ದುಡಿದು ಬೆಂದುಹೋದವರೇ ಅವರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ತನ್ನ ಪಟ್ಟಿಯಲ್ಲಿ ವಿವರವಾಗಿ ಸೇರಿಸಿತು. ಕಾಯಿಲೆ ಅಂತ ಅಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ. ಮೂರು ಗುರುತು ಹೇಳುತ್ತೆ. ಒಂದು, ಮೈಯಲ್ಲಿ ಶಕ್ತಿಯೇ ಇಲ್ಲದಂಗೆ ಆಗೋದು. ಎರಡು, ಕೆಲಸದ ಮೇಲೆ ಮನಸ್ಸು ದೂರ ಆಗೋದು, ಅದರ ಬಗ್ಗೆ ಕಹಿ ಬರೋದು. ಮೂರು, ಮಾಡೋ ಕೆಲಸ ಸರಿಯಾಗಿ ಆಗದೇ ಇರೋದು.

ಬದನೆಕಾಯಿ, ಉಪ್ಪಿನ ಪ್ರಶ್ನೆ, ಎರಡು ಸಲ ಬರೆದ ಬಿಲ್ಲು. ಮೂರೂ ನನಗಿದ್ದವು.

ಅಡುಗೆ ವಿಡಿಯೊ ಮಾಡೋರಿಗೆ ಇದರಲ್ಲಿ ಇನ್ನೊಂದು ಗಂಟು ಇದೆ. ಬೇರೆಯವರು ಆಫೀಸಿನಿಂದ ಸುಸ್ತಾಗಿ ಬಂದರೆ ಮನೆಯ ಊಟ ಸಮಾಧಾನ ಕೊಡುತ್ತೆ. ನಾವು ಆ ಸಮಾಧಾನವನ್ನೇ ಕೆಲಸ ಮಾಡಿಕೊಂಡಿರ್ತೀವಿ. ಹಂಗಾಗಿ ಓಡಿ ಹೋಗೋಕೆ ಜಾಗ ಇರಲ್ಲ. ಮೂರು ಹೊತ್ತೂ ಕೆಲಸ ತಾಟಿನಲ್ಲೇ ಕೂತಿರುತ್ತೆ. ಮತ್ತೆ ಈ ಕೆಲಸ ನಾವೊಬ್ಬರೇ ಮಾಡಲ್ಲ. ಮನೆಮಂದಿಯ ಕೈ, ಅವರ ಹೊತ್ತು, ಅವರ ಹಸಿವು ಎಲ್ಲಾ ಇದರಲ್ಲಿ ಸೇರಿರುತ್ತೆ. ಅವರನ್ನ ಯಾರೂ ಕೇಳಿರಲ್ಲ.

ಎತ್ತಿನ ಸೋಮವಾರ

ಮತ್ತೆ ಆ ಎಳ್ಳಮವಾಸ್ಯೆಯ ಹೊಲಕ್ಕೆ ಬರೋಣ. ಮಗಳು ಕೇಳಿದ ಮಾತು ಅಕ್ಕನ ಮಾವನವರ ಕಿವಿಗೂ ಬಿದ್ದಿತ್ತು. ಎಪ್ಪತ್ತು ದಾಟಿದವರು. ಊಟ ಆದಮೇಲೆ ಬದುವಿನ ಮೇಲೆ ಎಲಿಅಡಿಕಿ ಹಾಕ್ಕೋತ ಕೂತಿದ್ದರು. ದೂರದಲ್ಲಿ ಜೋಡೆತ್ತು ಮೇಯ್ತಿದ್ದವು. ಅವತ್ತು ಸೋಮವಾರ ಕೂಡ ಆಗಿತ್ತು. ನಮ್ಮ ಕಡೆ ಸೋಮವಾರ ಎತ್ತು ಹೂಡಲ್ಲ, ಅದು ಬಸವಣ್ಣನ ವಾರ. ಎಷ್ಟೇ ಹದ ಇರಲಿ, ಎಷ್ಟೇ ಅವಸರ ಇರಲಿ, ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಂಗಿಲ್ಲ.

ಅವರು ನನ್ನ ಕರೆದು ಕೇಳಿದರು, "ತಂಗೀ, ಎತ್ತಿಗೂ ಒಂದ್ ಸೋಮವಾರ ಐತಿ. ನಿನಗ ಯಾವ ವಾರ ಐತಿ?"

ನನ್ನ ಹತ್ರ ಉತ್ತರ ಇರಲಿಲ್ಲ. ಭಾನುವಾರ ಶೂಟಿಂಗ್. ಸೋಮವಾರ ಅಪ್‌ಲೋಡ್. ಮಂಗಳವಾರ...

"ಸೋಮವಾರ ಬಿಟ್ರ ಹೊಲ ಹಾಳಾಗಂಗಿಲ್ಲ," ಅಂದರು ಅವರು. "ಎತ್ತು ಕುಂತ್ರ ಹಾಳಾಗತೈತಿ."

ಇಷ್ಟೇ ಮಾತು. ಉಪದೇಶ ಮಾಡಲಿಲ್ಲ. ಎದ್ದು ಎತ್ತಿನ ಕಡೆ ಹೋದರು.

ಆ ರಾತ್ರಿ ಗಂಗಾವತಿಗೆ ಬಂದಮೇಲೆ ನಾನು ಮೊದಲ ಸಲ ಈ ಕೆಲಸದ ಲೆಕ್ಕ ಬರೆದೆ. ದಿನವಿಡೀ ಊರಿನ ಲೆಕ್ಕ ಬರೆಯೋಳು, ನನ್ನದನ್ನ ಬರೆದೇ ಇರಲಿಲ್ಲ! ಒಂದು ವಿಡಿಯೊಗೆ ಸಂತೆ, ತಯಾರಿ, ಅಡುಗೆ, ಶೂಟಿಂಗ್, ಎಡಿಟಿಂಗ್, ದನಿ, ಥಂಬ್‌ನೇಲ್ ಎಲ್ಲಾ ಸೇರಿ ಆರೂವರೆ ತಾಸು. ವಾರಕ್ಕೆ ನಾಲ್ಕು ಅಂದ್ರೆ 26 ತಾಸು, ತಿಂಗಳಿಗೆ 104. ಬರ್ತಿದ್ದದ್ದು ತಿಂಗಳಿಗೆ ಸರಾಸರಿ 3,200 ರೂಪಾಯಿ. ತಾಸಿಗೆ ಮೂವತ್ತೊಂದು ರೂಪಾಯಿಯೂ ಇಲ್ಲ. ಎಂಟು ತಾಸಿನ ದಿನಕ್ಕೆ ಹಿಡಿದರೆ 246 ರೂಪಾಯಿ. ಆ ವರ್ಷ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಇದರಲ್ಲಿ ಸಾಮಾನಿನ ಖರ್ಚು ಕಳೆದಿಲ್ಲ, ಅತ್ತೆಯ ತಾಸುಗಳನ್ನ ಸೇರಿಸಿಯೇ ಇಲ್ಲ.

ದುಡ್ಡಿಗಾಗಿ ಮಾಡ್ತಿದ್ದೀನಿ ಅಂದ್ಕೊಂಡಿದ್ದರೆ ಅದು ಸುಳ್ಳು ಅಂತ ಗೊತ್ತಾಯ್ತು. ಖುಷಿಗಾಗಿ ಅಂದ್ಕೊಂಡಿದ್ದರೆ, ಖುಷಿ ಹೋಗಿ ವರ್ಷ ಆಗಿತ್ತು. ಹಂಗಾದ್ರೆ ಯಾತಕ್ಕೆ ಮಾಡ್ತಿದ್ದೆ? ಹೆದರಿಕೆಗೆ. ನಿಲ್ಲಿಸಿದರೆ ಏನಾಗುತ್ತೋ ಅನ್ನೋ ಹೆದರಿಕೆಗೆ.

ನಿಲ್ಲಿಸಿ ನೋಡೋಣ ಅಂತ ತೀರ್ಮಾನ ಮಾಡಿದೆ. ಜನವರಿ ಪೂರ್ತಿ.

ಒಂದು ತಿಂಗಳು, ಒಂದು ಜಾತ್ರೆ

ಮೊದಲ ವಾರ ಕೈ ತಾನಾಗೇ ಫೋನಿಗೆ ಹೋಗೋದು. ಒಗ್ಗರಣಿ ಚಟಪಟ ಅಂದರೆ ಸಾಕು, ಈ ಸದ್ದು ರೆಕಾರ್ಡ್ ಆಗಬೇಕಿತ್ತು ಅನ್ನಿಸೋದು. ವೀಕ್ಷಣೆಯ ಗೆರೆ ದಿನದಿನಕ್ಕೂ ಇಳೀತಿತ್ತು. ನಾಲ್ಕನೇ ದಿನಕ್ಕೆ ಆ ಆ್ಯಪ್ ಅನ್ನೇ ಫೋನಿನಿಂದ ತೆಗೆದೆ.

ಆ ತಿಂಗಳು ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಜಾತ್ರೆ. ನೋಡದವರಿಗೆ ಹೇಳ್ತೀನಿ, ರಥೋತ್ಸವದಷ್ಟೇ ದೊಡ್ಡದು ಅಲ್ಲಿನ ಮಹಾದಾಸೋಹ. ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್ ತುಂಬ ಜೋಳದ ರೊಟ್ಟಿ, ಮಾದಲಿ, ದವಸ ಧಾನ್ಯ ಬರ್ತಾವೆ. ಲಕ್ಷಗಟ್ಟಲೆ ರೊಟ್ಟಿ. ಒಂದು ದಿನ ಲಕ್ಷಗಟ್ಟಲೆ ಮಿರ್ಚಿ ಕರೀತಾರೆ. ಹಿಂದಿನ ವರ್ಷ ನಾನು ಅಲ್ಲಿಗೆ ಹೋದದ್ದು ಮಿರ್ಚಿಯ ರೀಲ್ ಮಾಡೋಕೆ. ಈ ವರ್ಷ ಆಫೀಸ್ ಮುಗಿಸಿ, ಬರಿಗೈಲಿ ಹೋಗಿ ಪಂಕ್ತಿಯಲ್ಲಿ ಕೂತು ಉಂಡೆ.

ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಕುಷ್ಟಗಿ ಕಡೆಯ ಹಳ್ಳಿಯವರು. ರೊಟ್ಟಿ ತಂದವರ ಪೈಕಿ ಒಬ್ಬರು. "ನೀವೆಷ್ಟು ರೊಟ್ಟಿ ಬಡಿದ್ರಿ?" ಅಂತ ಕೇಳಿದೆ. "ಮನಿಗೆ ಐವತ್ತು ಅಂತ ಹಂಚಿಕೊಂಡಿದ್ವಿರಿ. ನಮ್ಮನ್ಯಾಗ ಮೂರು ಮಂದಿ ಕೂಡಿ ಬಡಿದ್ವಿ. ಹಾಡು ಹೇಳ್ಕೋತ ಬಡಿದ್ವಿ, ಯಾವಾಗ ಮುಗೀತೋ ಗೊತ್ತಾಗಲಿಲ್ಲ" ಅಂದರು.

ಲಕ್ಷ ರೊಟ್ಟಿ ಹಿಂದೆ ಯಾರ ಮಣಿಕಟ್ಟಿಗೂ ಬಾಮ್ ಹಚ್ಚೋ ಪಾಳಿ ಬರದಂಗೆ ಹಂಚಿಕೊಂಡಿರ್ತಾರೆ. ನಮ್ಮ ಮನೆಯಲ್ಲಿ ನಾಲ್ಕು ರೊಟ್ಟಿಗೆ ಆ ಪಾಳಿ ಬಂದಿತ್ತು.

ಇನ್ನೊಂದು ಕಥೆಯೂ ಆ ತಿಂಗಳು ನೆನಪಾಯ್ತು. ನ್ಯೂಯಾರ್ಕ್‌ನಲ್ಲಿ ಜೂಲಿ ಪೊವೆಲ್ ಅಂತ ಒಬ್ಬ ಹೆಣ್ಣುಮಗಳಿದ್ದಳು. ನನ್ನ ಹಂಗೇ ಹಗಲು ಆಫೀಸ್, ರಾತ್ರಿ ಅಡುಗೆ. 2002ರಲ್ಲಿ, ಜೂಲಿಯಾ ಚೈಲ್ಡ್ ಬರೆದ ಫ್ರೆಂಚ್ ಅಡುಗೆ ಪುಸ್ತಕದ 524 ಅಡುಗೆಗಳನ್ನ 365 ದಿನದಲ್ಲಿ ಮಾಡ್ತೀನಿ ಅಂತ ಬ್ಲಾಗ್ ಶುರು ಮಾಡಿದಳು. ಆಹಾರ ಬ್ಲಾಗ್ ಅನ್ನೋದು ಜಗತ್ತಿಗೆಲ್ಲಾ ಗೊತ್ತಾಗೋಕೆ ಅವಳೂ ಒಂದು ಕಾರಣ. 2009ರಲ್ಲಿ 'ಜೂಲಿ ಆ್ಯಂಡ್ ಜೂಲಿಯಾ' ಅಂತ ಸಿನಿಮಾ ಬಂತು, ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದರಲ್ಲಿ ಅವಳು ಅಡುಗೆಮನೆ ನೆಲದ ಮೇಲೆ ಬಿದ್ದು ಅಳೋ ದೃಶ್ಯ ಇದೆ. ಮೊದಲ ಸಲ ನೋಡಿದಾಗ ನಕ್ಕಿದ್ದೆ. ಈ ಸಲ ನಗು ಬರಲಿಲ್ಲ. ಆದರೆ ಒಂದು ವಿಷಯ ಕಣ್ಣಿಗೆ ಬಿತ್ತು. ಅವಳ ಕೆಲಸಕ್ಕೆ ಕೊನೇ ದಿನ ಇತ್ತು. 365ನೇ ದಿನ ಮುಗೀತು ಅಂದ್ರೆ ಮುಗೀತು.

ನಂದಕ್ಕೆ ಕೊನೆ ಇರಲಿಲ್ಲ. ಹಬ್ಬ ಮುಗಿದರೆ ಇನ್ನೊಂದು ಹಬ್ಬ, ಟ್ರೆಂಡ್ ಮುಗಿದರೆ ಇನ್ನೊಂದು ಟ್ರೆಂಡ್. ನಮ್ಮ ಹೊಲದ ಕೆಲಸ ಕೂಡ ಹಿಂಗೆ ಇರಲ್ಲ. ಮುಂಗಾರು ಇದೆ, ಹಿಂಗಾರು ಇದೆ, ನಡುವೆ ನೆಲ ಸುಮ್ಮನೆ ಬಿದ್ದಿರುತ್ತೆ. ಕಾಲುವೆ ಕೂಡ ವರ್ಷಪೂರ್ತಿ ಹರಿಯಲ್ಲ, ಬೇಸಿಗೇಲಿ ಬಂದ್ ಮಾಡಿ ದುರಸ್ತಿ ಮಾಡ್ತಾರೆ. ನಾನೊಬ್ಬಳೇ ವರ್ಷಕ್ಕೆ ಐವತ್ತೆರಡು ವಾರ ಬಿತ್ತತಾ ಇದ್ದೆ.

ಈಗ ಹೆಂಗೆ ಮಾಡ್ತೀನಿ

ಫೆಬ್ರವರಿಯಲ್ಲಿ ಮತ್ತೆ ಶುರು ಮಾಡೋ ಮೊದಲು ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿದೆ. ಮೊದಲು ಅತ್ತೆಯ ಹತ್ರ ಕ್ಷಮೆ ಕೇಳಿದೆ. "ಅದಕ್ಯಾಕ ಇಷ್ಟು ದೊಡ್ಡದು ಮಾಡ್ತಿ" ಅಂದರು, ಆದರೆ ಕಣ್ಣು ಒರೆಸಿಕೊಂಡರು. ಆಮೇಲೆ ಸೇರಿ ಕೆಲವು ಕಟ್ಟಳೆ ಮಾಡಿಕೊಂಡ್ವಿ. ಅಡುಗೆ ವಿಡಿಯೊ ಮಾಡೋರಿಗೆ, ಆಫೀಸ್ ಜೊತೆಗೆ ಬೇರೆ ಏನಾದರೂ ಮಾಡೋ ಎಲ್ಲರಿಗೂ ಉಪಯೋಗ ಆಗಬಹುದು ಅಂತ ಬರೀತಿದ್ದೀನಿ.

ಸೋಮವಾರ ನೊಗ ಇಲ್ಲ. ಅವತ್ತು ಶೂಟಿಂಗ್ ಇಲ್ಲ, ಅಪ್‌ಲೋಡ್ ಇಲ್ಲ, ಕಾಮೆಂಟ್ ನೋಡೋದೂ ಇಲ್ಲ. ಏನೇ ವೈರಲ್ ಆಗಲಿ. ಅವತ್ತು ಮಾಡೋ ಅಡುಗೆ ಹೆಂಗೆ ಬೇಕಾದರೂ ಇರಬಹುದು. ಬಹಳ ಸಲ ಅನ್ನ, ಸಾರು, ಹಪ್ಪಳ ಅಷ್ಟೇ.

ಹಂಗಾಮು ಮಾಡಿಕೊಳ್ಳೋದು. ಮುಂಗಾರಿಗೆ 12 ವಿಡಿಯೊ, ಹಿಂಗಾರಿಗೆ 12. ವರ್ಷಕ್ಕೆ 24, ಅಲ್ಲಿಗೆ ಮುಗೀತು. ನಡುವೆ ಬೀಳು. ಪ್ರತಿ ಹಂಗಾಮಿನ ಕೊನೇ ವಿಡಿಯೊದಲ್ಲಿ "ಇನ್ನ ಮುಂದಿನ ಹಂಗಾಮಿಗೆ ಸಿಗೂಣು" ಅಂತ ನೋಡೋರಿಗೂ ಹೇಳ್ತೀನಿ. ಯಾರೂ ಬೈದಿಲ್ಲ. ಒಬ್ಬರು "ಬಿತ್ತಿಗೆ ಮುಗಿಸಿಕೊಂಡು ಬರ್ರಿ" ಅಂತ ಬರೆದಿದ್ದರು.

ಉಣ್ಣೋ ತಾಟು ಬೇರೆ, ಶೂಟಿಂಗ್ ತಾಟು ಬೇರೆ. ಇದು ಎಲ್ಲಕ್ಕಿಂತ ಮುಖ್ಯ. ಮನೆಮಂದಿ ಹಸಿದಿರೋ ಹೊತ್ತಲ್ಲಿ ಕ್ಯಾಮೆರಾ ಹೊರಗೆ ಬರಂಗಿಲ್ಲ. ತಿಂಗಳಲ್ಲಿ ಎರಡು ದಿನ, ಊಟ ಆದಮೇಲೆ ಮಧ್ಯಾಹ್ನ ಕೂತು ಎರಡೆರಡು ಅಡುಗೆ ಶೂಟ್ ಮಾಡಿಟ್ಟುಕೊಂಡು, ಮುಂದಿನ ತಾರೀಖು ಹಾಕಿ ಇಡ್ತೀನಿ. ಅದು ತಾನಾಗೇ ಹೋಗುತ್ತೆ.

ಅಡುಗೆ ಮಾಡೋರ ಮಾತೇ ಕೊನೇ ಮಾತು. ಏನು ಮಾಡಬೇಕು, ಎಷ್ಟು ಸಲ ಮಾಡಬೇಕು ಅಂತ ಅತ್ತೆ ಹೇಳ್ತಾರೆ. ರೊಟ್ಟಿ ಒಂದೇ ಸಲ. ಉಬ್ಬಿದರೆ ಉಬ್ಬಿತು, ಸೀಳಿದರೆ ಸೀಳಿತು. ಬರೋ ದುಡ್ಡಿನಲ್ಲಿ ಅರ್ಧ ಅವರ ಖಾತೆಗೆ. ಮೊದಲ ಸಲ ಹಾಕಿದಾಗ ಬ್ಯಾಂಕಿನ ಮೆಸೇಜ್ ಮೂರು ಸಲ ಓದಿಸಿಕೊಂಡರು.

ಬಿಟ್ಟಿ ಸಾಮಾನಿಗೆ ಹೊತ್ತು ಮಾರಂಗಿಲ್ಲ. ಒಂದು ಮಸಾಲೆ ಕಂಪನಿಯವರು ನಾಲ್ಕು ಪಾಕೀಟು ಕಳಿಸಿ, ನಮ್ಮ ಮಸಾಲೆಯಿಂದಲೇ ಎಣಗಾಯಿ ರುಚಿ ಅಂತ ಹೇಳಿ ಅಂದಿದ್ದರು. ಅತ್ತೆ ಮಸಾಲೆ ಮನೇಲೇ ಕುಟ್ಟೋದು. ಹಣ ಅಥವಾ ಉಚಿತ ವಸ್ತು ಪಡೆದು ಹೊಗಳಿದರೆ ಅದನ್ನ ವಿಡಿಯೊದಲ್ಲಿ ಸ್ಪಷ್ಟವಾಗಿ ಹೇಳಬೇಕು ಅಂತ 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ಕೂಡ ಕೊಟ್ಟಿದೆ. ನಾನು ಬೇಡ ಅಂದೆ. ಬೇಡ ಅನ್ನೋಕೆ ಕಲಿತ ಮೇಲೆ ಎಷ್ಟು ಹೊತ್ತು ಉಳೀತು ಅಂದ್ರೆ!

ಕಾಮೆಂಟಿಗೆ ಹೊತ್ತು ಗೊತ್ತು ಮಾಡೋದು. ಸಂಜೆ ಬಸ್‌ನಲ್ಲಿ ಇಪ್ಪತ್ತು ನಿಮಿಷ. ಉಳಿದ ದಾರಿ ಕಿಟಕಿ ಕಡೆ ಮುಖ ಮಾಡಿ ಕೂರ್ತೀನಿ, ಇಲ್ಲಾ ಅವ್ವಗೆ ಫೋನ್ ಮಾಡ್ತೀನಿ.

ಇದೆಲ್ಲಾ ಮಾಡಿ ಏನಾಯ್ತು ಅಂತ ಕೇಳ್ತೀರಾ? ಮುಚ್ಚಿಡದೆ ಹೇಳ್ತೀನಿ. ವೀಕ್ಷಣೆ ಬಿತ್ತು, ಪೂರ್ತಿ ಮತ್ತೆ ಮೇಲೇಳಲೇ ಇಲ್ಲ. 2025ರಲ್ಲಿ ತಿಂಗಳಿಗೆ ಸರಾಸರಿ 1,100 ರೂಪಾಯಿ ಬಂತು, ಮೊದಲಿನದರ ಮೂರರಲ್ಲೊಂದು ಪಾಲು. ಆದರೆ ಲೆಕ್ಕದೋಳು ನಾನು, ಇನ್ನೊಂದು ಸಾಲೂ ಬರೀತೀನಿ. ತಿಂಗಳಿಗೆ ಸರಾಸರಿ ಎರಡು ವಿಡಿಯೊ ಅಂದ್ರೆ 13 ತಾಸು. ಹಳೇ ವಿಡಿಯೊಗಳನ್ನ ಜನ ಇನ್ನೂ ನೋಡ್ತಾರಲ್ಲ, ಹಂಗಾಗಿ ತಾಸಿಗೆ ಸುಮಾರು 85 ರೂಪಾಯಿ ಬಿತ್ತು. ಕಡಿಮೆ ದುಡಿದಾಗಲೇ ಕೂಲಿ ಹೆಚ್ಚಾಯ್ತು! ನನ್ನ ಪರಿಚಯದ ಇನ್ನೊಬ್ಬಳು ಇದನ್ನೇ ಪೂರ್ತಿ ಕೆಲಸ ಮಾಡಿಕೊಂಡಿದ್ದಾಳೆ. ಅವಳಿಗೆ ಈ ಲೆಕ್ಕ ಒಪ್ಪಲ್ಲ, ಅವಳ ಮನೆ ಇದರಿಂದಲೇ ನಡೀಬೇಕು. ಆದರೂ ವಾರಕ್ಕೊಂದು ಸೋಮವಾರ ಅವಳಿಗೂ ಒಪ್ಪಿತು.

ನಾನು ತಪ್ಪಿದ್ದೂ ಇದೆ. ಮಾವಿನಹಣ್ಣಿನ ಕಾಲಕ್ಕೆ ಕೊಪ್ಪಳದಲ್ಲಿ ಮಾವು ಮೇಳ ಬಂದಾಗ ತಡೀಲಿಕ್ಕೆ ಆಗದೆ, ಬೀಳಿನ ತಿಂಗಳಲ್ಲೇ ಮೂರು ರೀಲ್ ಮಾಡಿ, ಎರಡು ರಾತ್ರಿ ನಿದ್ದೆಗೆಟ್ಟೆ. ಮೂರನೇ ದಿನ ಮಗಳು ತಾನಾಗೇ ಬಂದು ಕ್ಯಾಲೆಂಡರ್ ತೋರಿಸಿದಳು, "ಅವ್ವಾ, ಇವತ್ತು ಸೋಮವಾರ." ಸ್ಟ್ಯಾಂಡ್ ಮಡಚಿಟ್ಟೆ.

ನಿಮಗೊಂದು ಮಾತು. ಬರೀ ಸುಸ್ತಲ್ಲದೆ, ವಾರಗಟ್ಟಲೆ ನಿದ್ದೆ ಬರ್ತಿಲ್ಲ, ಅಳು ಬರ್ತೈತಿ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸ್ತೈತಿ ಅಂದ್ರೆ ಅದು ರಜಾ ಹಾಕಿದರೆ ಹೋಗೋದಲ್ಲ. ಡಾಕ್ಟರ್ ಹತ್ರ ಹೋಗಿ. ಹೋಗೋಕೆ ಸಂಕೋಚ ಆದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರು ಮಾಡಿದ್ದು. ಹಗಲು ರಾತ್ರಿ ಸಿಗುತ್ತೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕಳೆದ ಎಳ್ಳಮವಾಸ್ಯೆಗೆ ಮತ್ತೆ ಅಕ್ಕನ ಹೊಲಕ್ಕೆ ಹೋಗಿದ್ವಿ. ಈ ಸಲ ಕುಷ್ಟಗಿಯಿಂದ ಅವ್ವನೂ ಬಂದಿದ್ದಳು. ನನ್ನ ಅತ್ತೆ, ಅವ್ವ, ಅಕ್ಕ ಮೂರೂ ಮಂದಿ ಒಂದೇ ಕಂಬಳಿ ಮೇಲೆ ಕೂತು, ಯಾರ ಊರಿನ ಶೇಂಗಾ ಹಿಂಡಿ ಚಲೋ ಅಂತ ಜಗಳ ತೆಗೆದಿದ್ದರು. ಅದರ ವಿಡಿಯೊ ಮಾಡಿದ್ದರೆ ಖಂಡಿತ ಓಡ್ತಿತ್ತು. ಮಾಡಲಿಲ್ಲ. ಅಕ್ಕ ಬಡಿಸೋಕೆ ಬಂದು ನೋಡ್ತಾಳೆ, ಮಗಳ ತಾಟಿನಲ್ಲಿ ಅರ್ಧ ಹೋಳಿಗಿ ಆಗಲೇ ಖಾಲಿ. ಬಾಯಿ ತುಂಬ ತುಂಬಿಕೊಂಡೇ, "ದೊಡ್ಡವ್ವಾ, ತುಪ್ಪ" ಅಂದಳು.

ನಿಮ್ಮ ಸೋಮವಾರ ಯಾವುದು? ಸೋಮವಾರವೇ ಆಗಬೇಕಂತಿಲ್ಲ, ಯಾವ ವಾರ ಆದರೂ ಸರಿ. ಗುರುತು ಮಾಡಿ ಮನೆಯವರಿಗೆ ಹೇಳಿಡಿ. ನೀವು ಮರೆತರೆ ಅವರು ನೆನಪಿಸ್ತಾರೆ.